ನೀರೆತ್ತುವ ಎಂಜಿನನ್ನು ಬಿಚ್ಚತಕ್ಕ ಸಮಯ

ಬಾವಿಯ ಅಥವಾ ಹೊಳೆಯ ನೀರನ್ನು ಡೀಸೆಲ್ ಎಂಜಿನಿನಿಂದ ಎತ್ತಿ ಬೇಸಾಯ ಮಾಡುವವರಲ್ಲಿ ಎರಡು ಬಗೆಯ ತಪ್ಪುಗಳು ಕಂಡುಬರುತ್ತವೆ. ಕೆಲವರು ಸ್ವಲ್ಪ ಹೊಗೆ ಕಂಡೊಡನೆಯೇ ಎಂಜಿನನ್ನು ಪೂರ್ತಿಯಾಗಿ ಬಿಚ್ಚಿಸಿ, ಬೇಕಿಲ್ಲದ ಸಾಮಾನುಗಳನ್ನು ಹಾಕಿಸಿ, ಹಣವನ್ನು ನಷ್ಟಮಾಡಿಕೊಳ್ಳುತ್ತಾರೆ. ಮತ್ತೆ ಕೆಲವರು ಅದು ತಾನಾಗಿ ನಿಲ್ಲುವವರೆಗೂ ಓಡಿಸುತ್ತಾರೆ. ಸವೆದ ಎಂಜಿನು ಕೈಕೊಡುವುದು ಹೆಚ್ಚು ದುಡಿಮೆಯ ದಿನಗಳಲ್ಲಿಯೇ. ಅಂದರೆ ಬೇಸಗೆಯ ಬತ್ತವು ಹೊಡೆಯಾಗುವಾಗ, ಇಲ್ಲವೆ ನೆಲಗಡಲೆಯು ಕಾಯಿಕಟ್ಟುವಾಗ. ಆಗ ರಿಪೇರಿಯ ಖರ್ಚಿಗಿಂತ ಬೆಳೆಯ ನಷ್ಟವೇ ದೊಡ್ಡದಾಗುವುದು. ಆದುದರಿಂದ ಗುರುತುಗಳನ್ನು ನೋಡಿ ಸಮಯವನ್ನು ಮುಂಚಿತವಾಗಿ ನಿರ್ಣಯಿಸಿಕೊಳ್ಳುವುದು ಯುಕ್ತವು.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಪಿಸ್ಟನ್ನು ಸಿಲಿಂಡರಿನ ಗಾಳಿಯನ್ನು ಮೊದಲಿನ ಗಾತ್ರದ ಸುಮಾರು 16ರಲ್ಲಿ ಅಥವಾ 18ರಲ್ಲಿ ಒಂದು ಪಾಲಿಗೆ ಅದುಮಲು, ಆ ಗಾಳಿಯು ಕಾದು, ಒಳಗೆ ಚಿಮ್ಮಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುವುದು. ಪಿಸ್ಟನ್ನಿನ ರಿಂಗುಗಳೂ ಲೈನರೂ ಸವೆದರೆ ಗಾಳಿಯು ಸಂದಿನಲ್ಲಿ ಸೋರಿ ಈ ಶಾಖವು ಕುಂದುವುದು. ಎಂಜಿನು ಮುಪ್ಪಾಯಿತೆಂಬುದರ ಮುಖ್ಯಾರ್ಥವು ಇದೇ.

ಆದರೆ ಎಲ್ಲ ದೋಷಗಳೂ ಸವೆತದಿಂದ ಬಂದುವಲ್ಲ. ಕರಿಯ ಹೊಗೆಯು ಡೀಸೆಲ್ ಪೂರ್ತಿಯಾಗಿ ಉರಿಯದಿರುವುದರ ಗುರುತು. ಗಾಳಿಶೋಧಕದಲ್ಲಿ ಧೂಳು ಕಟ್ಟಿರುವುದು, ಇಂಜೆಕ್ಟರು ಕೆಟ್ಟಿರುವುದು, ಪಂಪಿನ ಭಾರ ಮಿತಿಮೀರಿರುವುದು, ಇವು ಅದಕ್ಕೆ ಸಾಧಾರಣವಾದ ಕಾರಣಗಳು. ಎಂಜಿನು ಹೊರಡಲು ತೊಂದರೆಯಾದರೆ ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿದೆಯೇ, ವಾಲ್ವುಗಳ ಸಂದು ಸರಿಯಾಗಿದೆಯೇ ಎಂದು ಮೊದಲು ಪರೀಕ್ಷಿಸತಕ್ಕದ್ದು. ಇವುಗಳನ್ನು ಅಲ್ಪ ವೆಚ್ಚದಲ್ಲಿ ಸರಿಪಡಿಸಬಹುದು. ಇವನ್ನು ನೋಡದೆ ಪಿಸ್ಟನ್ನನ್ನು ಹೊರತೆಗೆಯಲು ಒಪ್ಪಿಗೆ ಕೊಡಬಾರದು.

ಸವೆತದ ನಿಜವಾದ ಗುರುತುಗಳು ಬೇರೆ. ಎಂಜಿನು ಬಿಸಿಯಾದ ಮೇಲೆಯೂ ನೀಲಿ ಹೊಗೆ ಬರುತ್ತಿದ್ದರೆ ಕೀಲೆಣ್ಣೆಯು ಉರಿಯುತ್ತಿದೆಯೆಂದು ತಿಳಿಯಬೇಕು. ಬ್ರೀದರ್ ಕೊಳವೆಯಿಂದ ಹೊಗೆಯು ರಭಸದಿಂದ ಹೊರಟರೆ ಉರಿದ ಅನಿಲವು ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆಯೆಂದರ್ಥ. ಇದರೊಂದಿಗೆ ನೀರಿನ ಧಾರೆ ಕುಗ್ಗಿ, ಡೀಸೆಲ್ ಖರ್ಚು ಏರುತ್ತ ಬಂದರೆ ಸಂಶಯಕ್ಕೆ ಎಡೆಯಿಲ್ಲ. 5 ಅಶ್ವಶಕ್ತಿಯ ಸುಸ್ಥಿತಿಯ ಎಂಜಿನಿಗೆ ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು 1 ಲೀಟರು ಡೀಸೆಲ್ ಸಾಕಾಗುವುದು. ಓಡಿದ ಗಂಟೆಗಳನ್ನೂ, ಹಾಕಿದ ಡೀಸೆಲ್ ಮತ್ತು ಕೀಲೆಣ್ಣೆಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡುವವನಿಗೆ ಈ ಏರಿಕೆಯು ತಿಂಗಳುಗಳ ಮೊದಲೇ ಕಾಣುವುದು. ದಿನಕ್ಕೆ 6 ಗಂಟೆಯಂತೆ 120 ದಿನ ಓಡಿದ ಎಂಜಿನಿಗೆ 720 ಗಂಟೆಗಳ ದುಡಿಮೆಯಾಗುವುದು. ವರ್ಷಗಳ ಲೆಕ್ಕಕ್ಕಿಂತ ಈ ಲೆಕ್ಕವೇ ಪ್ರಯೋಜನಕರವಾದುದು.

ಸೋರುವ ಸ್ಥಳವನ್ನು ಬಿಚ್ಚದೆಯೂ ಕಂಡುಹಿಡಿಯಬಹುದು. ಡೀಸೆಲ್ ನಿಲ್ಲಿಸಿ, ಹಿಡಿಯಿಂದ ಎಂಜಿನನ್ನು ಮೆಲ್ಲನೆ ತಿರುಗಿಸಿ, ಗಾಳಿ ಅದುಮುವ ಘಟ್ಟದಲ್ಲಿ ಬಿಗಿಹಿಡಿದು ಕಿವಿಗೊಡಬೇಕು. ಬುಸ್ಸೆಂಬ ಶಬ್ದವು ಗಾಳಿಶೋಧಕದ ಕಡೆಯಿಂದ ಬಂದರೆ ಒಳವಾಲ್ವೂ, ಹೊಗೆಕೊಳವೆಯಿಂದ ಬಂದರೆ ಹೊರವಾಲ್ವೂ ಸೋರುತ್ತಿರುವುವು. ವಾಲ್ವುಗಳನ್ನು ಅರೆದು ಕೂರಿಸಿದರೆ ಸಾಕಾಗಬಹುದು. ಬ್ರೀದರಿನಿಂದ ಬಂದರೆ ಮಾತ್ರ ರಿಂಗು ಮತ್ತು ಲೈನರುಗಳ ದೋಷವಿರುವುದು.

ಎರಡು ಸಂದರ್ಭಗಳಲ್ಲಿ ಒಂದು ದಿನವೂ ತಡಮಾಡಲಾಗದು. ಕೆಳಭಾಗದಲ್ಲಿ ಸುತ್ತಿಗೆಯಿಂದ ಹೊಡೆದಂತೆ ಶಬ್ದವಾದರೆ ಬೇರಿಂಗು ಸವೆದಿರುವ ಸಂಭವವುಂಟು. ಹಾಗೆಯೇ ಓಡಿಸಿದರೆ ಕ್ರ್ಯಾಂಕು ದಂಡವೇ ಹಾಳಾಗುವುದು. ಕೀಲೆಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿರುವುದು. ಎರಡರಲ್ಲಿಯೂ ಎಂಜಿನನ್ನು ಆಗಲೇ ನಿಲ್ಲಿಸತಕ್ಕದ್ದು.

ಬಿಚ್ಚಿದ ಮೇಲೆ ಕಣ್ಣಂದಾಜು ಸಾಲದು. ಲೈನರಿನ ಸವೆತವು ಮೇಲಿನ ರಿಂಗು ನಿಲ್ಲುವ ಎಡೆಯಲ್ಲಿ ಹೆಚ್ಚಾಗಿರುವುದರಿಂದ ಅಲ್ಲಿ ಅಳತೆ ತೆಗೆಯಿಸಿ, ತಯಾರಕರ ಪುಸ್ತಕದ ಮಿತಿಯೊಡನೆ ಹೋಲಿಸಿ ನೋಡಬೇಕು. ಮಿತಿಯೊಳಗಿದ್ದರೆ ಹೊಸ ರಿಂಗುಗಳೇ ಸಾಕು. ಮಿತಿ ಮೀರಿದ್ದರೆ ಲೈನರು, ಪಿಸ್ಟನ್ನುಗಳೆರಡನ್ನೂ ಬದಲಾಯಿಸಬೇಕು. ಅಂಡಾಕಾರವಾಗಿ ಸವೆದ ಲೈನರಿಗೆ ಹೊಸ ರಿಂಗು ಹಾಕಿಸುವುದು ಓಟೆ ಕೊಡಕ್ಕೆ ಹೊಸ ಮುಚ್ಚಳ ಕೊಂಡಂತೆ. ಎಲ್ಲ ಖರ್ಚನ್ನೂ ಕೂಡಿ, ಅದು ಹೊಸ ಎಂಜಿನಿನ ಬೆಲೆಯ ಅರ್ಧವನ್ನು ಮೀರುವುದಾದರೆ ಹಳೆಯದನ್ನು ಕಳೆಯುವ ವಿಚಾರವನ್ನೂ ಮಾಡುವುದೊಳ್ಳೆಯದು.

ಈ ಕೆಲಸಕ್ಕೆ ಮಳೆಗಾಲವೇ ಪ್ರಶಸ್ತವು. ಆಗ ಹೊಲಕ್ಕೆ ಮಳೆಯ ನೀರಿದ್ದು ಎಂಜಿನಿಗೆ ಬಿಡುವಿರುವುದು. ಸಂಕ್ರಾಂತಿಯ ಹೊತ್ತಿಗೆ ಗುರುತುಗಳು ಕಂಡರೆ, ಅಪಾಯದ ಶಬ್ದವಿಲ್ಲದಿದ್ದಲ್ಲಿ, ಕೀಲೆಣ್ಣೆಯ ಮಟ್ಟವನ್ನು ದಿನವೂ ನೋಡಿಕೊಂಡು ಆ ಬೆಳೆಯನ್ನು ದಾಟಿಸಬಹುದು. ಆದರೆ ಮುಂದಿನ ಬೇಸಗೆಗೆ ಅದನ್ನು ಹಾಗೆಯೇ ಒಯ್ಯಲಾಗದು. ಹಲವು ಎಂಜಿನುಗಳಿರುವ ಗ್ರಾಮಗಳಲ್ಲಿ ಮುಖಂಡರು ಎಲ್ಲವನ್ನೂ ಒಮ್ಮೆಲೇ ಬಿಚ್ಚಿಸದೆ ಸರದಿಯನ್ನೇರ್ಪಡಿಸಿದರೆ, ಮಳೆ ತಪ್ಪಿದ ವಾರದಲ್ಲಿ ನೆರೆಯವನ ಎಂಜಿನಾದರೂ ಒದಗುವುದು.

ಹೊಸ ಲೈನರು ಹಾಕಿದ ಎಂಜಿನಿಗೆ ಮೊದಲು ಕೆಲವು ಗಂಟೆಗಳ ಕಾಲ ಕಡಮೆ ಭಾರ ಕೊಟ್ಟು, ಬೇಗನೆ ಒಮ್ಮೆ ಕೀಲೆಣ್ಣೆ ಬದಲಾಯಿಸಿ, ಗಾಳಿಶೋಧಕವನ್ನು ಶುಚಿಯಾಗಿಟ್ಟರೆ ಅದು ಬಹುಕಾಲ ಬಾಳುವುದು. ಒಳಹೊಕ್ಕ ಧೂಳು ಮತ್ತೆ ಅದೇ ಸವೆತವನ್ನು ತರುವುದೆಂಬುದನ್ನು ಮರೆಯತಕ್ಕದ್ದಲ್ಲ.