ಶುಗರ್ ಇರೋ ಗರ್ಭಿಣಿಗೆ ಮೆಸೇಜ್ ಬಂತು, ಆದ್ರೆ ಯಾರ ಫೋನಿಗೆ?

ತಾಯಿ ಕಾರ್ಡ್ ಮಾಡಿಸುವಾಗ ಫೋನ್ ನಂಬರ್ ಕೇಳ್ತಾರೆ. ಎಷ್ಟೋ ಮನೆಗಳಲ್ಲಿ ಕೊಡೋದು ಗಂಡನ ನಂಬರ್. ಆಸ್ಪತ್ರೆಯಿಂದ ಮೆಸೇಜ್ ಬಂದರೆ ಅದು ಅಂಗಡಿ ಗಲ್ಲಾಪೆಟ್ಟಿಗೆ ಮೇಲಿನ ಫೋನಿಗೆ ಬರುತ್ತೆ, ಲೋನ್ ಆಫರ್, ರೀಚಾರ್ಜ್ ಮೆಸೇಜ್‌ಗಳ ಮಧ್ಯೆ ಕಳೆದುಹೋಗುತ್ತೆ.

ಗರ್ಭಿಣಿಯರಲ್ಲಿ ಕೆಲವರಿಗೆ ಮೊದಲ ಸಲ ಶುಗರ್ ಕಾಣಿಸಿಕೊಳ್ಳುತ್ತೆ. ಮಾಸಿನಿಂದ ಬರೋ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡೋದೇ ಇದಕ್ಕೆ ಮುಖ್ಯ ಕಾರಣ. ನಿಯಂತ್ರಣ ತಪ್ಪಿದರೆ ಮಗು ತುಂಬಾ ದಪ್ಪ ಬೆಳೆದು ಹೆರಿಗೆ ಕಷ್ಟವಾಗಬಹುದು. ಸರ್ಕಾರದ ಮಾರ್ಗಸೂಚಿ ಪ್ರಕಾರ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಶುಗರ್ ಇದೆ ಅಂತ. ಇದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಅಂತೇನಿಲ್ಲ. ಆಮೇಲೆ ಎರಡು ವಾರ ಪಥ್ಯ, ನಡಿಗೆ. ಊಟವಾಗಿ ಎರಡು ಗಂಟೆಗೆ 120ರೊಳಗೆ ಬರದಿದ್ದರೆ ಔಷಧಿ ಇಲ್ಲವೇ ಇನ್ಸುಲಿನ್.

ಡಾಕ್ಟರ್ ಸಿಗೋದು ವಾರಕ್ಕೋ ಹದಿನೈದು ದಿನಕ್ಕೋ. ಮಧ್ಯದ ದಿನಗಳಲ್ಲಿ ಅನ್ನ ಎಷ್ಟು, ನಡೆದೆಯಾ, ರಕ್ತ ತೋರಿಸಿದೆಯಾ ಅಂತ ನೆನಪಿಸೋಕೆ ಮೆಸೇಜ್ ಬೇಕಾಗೋದು. ಅದು ಕನ್ನಡದಲ್ಲಿರಬೇಕು, ಒಂದು ಸಲಕ್ಕೆ ಒಂದೇ ವಿಷಯ ಹೇಳಬೇಕು. ಓದೋಕೆ ಬಾರದವರಿಗೆ ಧ್ವನಿ ಕರೆಯೇ ವಾಸಿ. ಕೇಂದ್ರದ ಕಿಲ್ಕಾರಿ ಯೋಜನೆ ಹಲವು ರಾಜ್ಯಗಳಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ ವಾರಕ್ಕೊಂದು ಕರೆ ಮಾಡೋದು ಇದಕ್ಕೇ.

ಎಲ್ಲರೂ ಮರೆಯೋದು ಕೊನೇ ಪರೀಕ್ಷೆ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಕುಡಿದು ರಕ್ತ ಕೊಡಬೇಕು, ಯಾಕಂದ್ರೆ ಇಂಥವರಿಗೆ ಮುಂದೆ ಕಾಯಂ ಶುಗರ್ ಬರೋ ಸಾಧ್ಯತೆ ಹಲವು ಪಟ್ಟು ಜಾಸ್ತಿ. ಆದರೆ ಅಷ್ಟೊತ್ತಿಗೆ ಅವಳು ತವರಲ್ಲಿ ಬಾಣಂತನದಲ್ಲಿ ಇರ್ತಾಳೆ, ನಂಬರ್ ಇಲ್ಲಿ ಗಂಡನ ಹತ್ರ! ಮೆಸೇಜ್ ಕೈ ಸೇರಿದರೂ ಅಷ್ಟರಿಂದಲೇ ಕೆಲಸ ಆಗಲ್ಲ. ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಬೇಗನೇ ನೆನಪಿಸಿದರೂ ಆರು ತಿಂಗಳೊಳಗೆ ಪರೀಕ್ಷೆಗೆ ಬಂದವರು ಹೆಚ್ಚಾಗಲಿಲ್ಲ. ಎಳೆಗೂಸು ಬಿಟ್ಟು ಎರಡು ಗಂಟೆ ಲ್ಯಾಬಲ್ಲಿ ಕೂರೋದು ಸುಲಭವೇ?

ಮಗುವಿಗೆ ಆರು ವಾರದ ಲಸಿಕೆ ಹಾಕಿಸೋಕೆ ಹೇಗೂ ಆಸ್ಪತ್ರೆಗೆ ಹೋಗಲೇಬೇಕು. ಅದೇ ದಿನ ತಾಯಿಯ ರಕ್ತ ಪರೀಕ್ಷೆಯೂ ಆಗುತ್ತಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ತವರಿಗೆ ಕಳಿಸೋ ಮುಂಚೆ ಅಲ್ಲಿಯ ಫೋನ್ ನಂಬರನ್ನ ಆಶಾ ಅಕ್ಕನ ಹತ್ರ ಬರೆಸಿ.