ಮುರಿದರೆ ಏನು ಮಾಡುವುದು?

ಕುರ್ಲಾ ಪಶ್ಚಿಮದ ಸಿಎಸ್‌ಟಿ ರಸ್ತೆಯಲ್ಲಿ, ಹಳೆಯ ಬಿಡಿಭಾಗಗಳ ಅಂಗಡಿಗಳ ನಡುವೆ ನನಗೆ ಪರಿಚಯದ ಒಂದು ಗ್ಯಾರೇಜ್ ಇದೆ. ನಡೆಸುವವರು ವಿಜಯಪುರದ ಕಡೆಯವರು. ನಾನು ಧಾರವಾಡದವನು, ವಾಹನ ವಿನ್ಯಾಸ ನನ್ನ ಹೊಟ್ಟೆಪಾಡು. ಹೋದ ಮಳೆಗಾಲದಲ್ಲಿ ಫೈಬರ್‌ಗ್ಲಾಸಿನ ಕಮಾನು ಪಟ್ಟಿಯ ಮಾದರಿಯೊಂದನ್ನು ಅಲ್ಲಿಗೆ ಒಯ್ದಿದ್ದೆ. ಕಾಕಾ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು.

"ಭಾಳ ಹಗುರ ಐತಲ್ಲೋ ತಮ್ಮಾ. ಆದ್ರ ಮುರದ್ರ ಏನ್ ಮಾಡೂದು?"

"ಪೂರಾ ಬದಲಿ ಮಾಡ್ಬೇಕ್ರಿ ಕಾಕಾ" ಎಂದೆ. ಅವರು ಅದನ್ನು ಸುಮ್ಮನೆ ಕೆಳಗಿಟ್ಟರು.

ಲಾರಿಯ ಕೆಳಗೆ ಬಗ್ಗಿ ನೋಡಿದವರಿಗೆ ಕಮಾನು ಪಟ್ಟಿ ಗೊತ್ತು. ಮೇಲೆ ಉದ್ದನೆಯ ಮುಖ್ಯ ಪಟ್ಟಿ, ಕೆಳಗೆ ಗಿಡ್ಡವಾಗುತ್ತ ಹೋಗುವ ಉಕ್ಕಿನ ಪಟ್ಟಿಗಳು. ಇದೇ ಕುರ್ಲಾದಲ್ಲಿ ತಯಾರಾಗಿ, 2023ರ ಅಕ್ಟೋಬರ್ 30ರಿಂದ ಮುಂಬಯಿ ರಸ್ತೆಗಳಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಯ ಹಿಂಬದಿಯೂ ಇಂಥ ಪಟ್ಟಿಗಳ ಮೇಲೆಯೇ ಕುಣಿಯುತ್ತಿತ್ತು. ಚಕ್ರ ಗುಂಡಿಗೆ ಬಿದ್ದಾಗ ಪಟ್ಟಿ ಬಾಗಿ ಆ ಪೆಟ್ಟಿನ ಶಕ್ತಿಯನ್ನು ಹಿಡಿದಿಟ್ಟುಕೊಂಡು ಮತ್ತೆ ಬಿಟ್ಟುಕೊಡುತ್ತದೆ.

ಈ ಕೆಲಸಕ್ಕೆ ಗಾಜಿನ ನಾರು ಮತ್ತು ಎಪಾಕ್ಸಿ ರಾಳದ ಜೋಡಿ ಹೇಳಿ ಮಾಡಿಸಿದಂತಿದೆ. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ, ಇದು ಸುಮಾರು 2 ಪಟ್ಟು ಮಾತ್ರ. ಬಲ ಚೆನ್ನಾಗಿದ್ದೂ ಉಕ್ಕಿಗಿಂತ ಸುಲಭವಾಗಿ ಬಾಗುವುದರಿಂದ, ಕಿಲೋ ಲೆಕ್ಕದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಡುತ್ತದೆ. 1981ರಲ್ಲಿ ಅಮೆರಿಕದ ಷೆವ್ರೊಲೆ ಕಾರ್ವೆಟ್ ಕಾರಿನ ಹಿಂಬದಿಯಲ್ಲಿ ಹತ್ತು ಉಕ್ಕಿನ ಪಟ್ಟಿಗಳ ಜಾಗಕ್ಕೆ ಒಂದೇ ಒಂದು ಫೈಬರ್ ಪಟ್ಟಿ ಬಂತು. ಸುಮಾರು 18 ಕಿಲೋ ಇದ್ದ ತೂಕ 4 ಕಿಲೋಗಿಂತ ಕೆಳಗಿಳಿಯಿತು.

ನಮ್ಮ ಊರಿಗೆ ಇದರಿಂದ ಇನ್ನೊಂದು ಲಾಭವಿದೆ. ಮುಂಬಯಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಉಕ್ಕಿನ ಪಟ್ಟಿಗಳ ಸಂದಿಗೆ ತುಕ್ಕು ಹಿಡಿಸುತ್ತವೆ. ಫೈಬರಿಗೆ ಆ ಕಾಟವಿಲ್ಲ. ಉಕ್ಕು ಒಳಗೊಳಗೇ ಬಿರುಕುಬಿಟ್ಟು ಒಮ್ಮೆಲೇ ಮುರಿದರೆ, ಫೈಬರ್ ಸಾಮಾನ್ಯವಾಗಿ ಉದ್ದಕ್ಕೆ ಸೀಳುತ್ತ, ಜೋಲುಬೀಳುತ್ತ ಮೊದಲೇ ಸೂಚನೆ ಕೊಡುತ್ತದೆ.

ಇಷ್ಟೆಲ್ಲ ಗುಣವಿದ್ದರೂ ಕಾಕಾನ ಪ್ರಶ್ನೆ ಹಾಗೇ ಉಳಿಯಿತು. ನನ್ನ ಅಪ್ಪ ಹುಬ್ಬಳ್ಳಿ–ಮುಂಬಯಿ ಲಾರಿ ಓಡಿಸುತ್ತಿದ್ದವರು. ಒಮ್ಮೆ ಸಾತಾರಾದ ಹತ್ತಿರ ಖಂಬಾಟಕಿ ಘಾಟಿನಲ್ಲಿ ರಾತ್ರಿ ಪಟ್ಟಿ ಮುರಿಯಿತು. ರಸ್ತೆಬದಿಯ ಮೇಸ್ತ್ರಿ ಹಳೆಯ ಪಟ್ಟಿಯೊಂದನ್ನು ಹುಡುಕಿ, ಬಡಿದು ಬಾಗು ಸರಿಮಾಡಿ ಕೂಡಿಸಿದ. ಬೆಳಿಗ್ಗೆ ಲಾರಿ ಹೊರಟಿತು, ಈರುಳ್ಳಿ ಕೊಳೆಯಲಿಲ್ಲ, ಆ ತಿಂಗಳ ನಮ್ಮ ಶಾಲೆಯ ಫೀಸು ತಪ್ಪಲಿಲ್ಲ. ಫೈಬರ್ ಪಟ್ಟಿಯನ್ನು ಕಾಯಿಸಿ ಬಡಿಯಲಾಗದು. ಬೋಲ್ಟಿಗೆಂದು ತೂತು ಕೊರೆದರೆ ನಾರುಗಳು ಕತ್ತರಿಸಿ ಅಲ್ಲಿಯೇ ಬಲ ಕುಂದುತ್ತದೆ. ಉಕ್ಕು ಹಾಳಾದರೂ ಗುಜರಿಯಲ್ಲಿ ತೂಕಕ್ಕೆ ಹೋಗಿ ಮತ್ತೆ ಕುಲುಮೆ ಸೇರುತ್ತದೆ. ಗಟ್ಟಿಯಾದ ಎಪಾಕ್ಸಿಯನ್ನು ಹಾಗೆ ಕರಗಿಸಲು ಬರುವುದಿಲ್ಲ.

ನಾನು ತೂಕ ಉಳಿಸುವ ಲೆಕ್ಕದಲ್ಲಿ ಮುಳುಗಿ, ರಾತ್ರಿ ಹನ್ನೆರಡಕ್ಕೆ ಘಾಟಿನಲ್ಲಿ ನಿಂತ ಚಾಲಕನನ್ನು ಮರೆತಿದ್ದೆ. ಅದೂ ಅಂಥ ಚಾಲಕನ ಮಗನಾಗಿ.

ಹಾಗೆಂದು ಫೈಬರ್ ಬೇಡವೆಂದಲ್ಲ. ನಗರದೊಳಗೆ ಪಾರ್ಸೆಲ್ ಹಂಚುವ ವಿದ್ಯುತ್ ಟೆಂಪೊಗಳಿಗೆ ಬ್ಯಾಟರಿಯ ಭಾರವೇ ಸಾಕಷ್ಟಿದೆ, ಉಳಿಸಿದ ಪ್ರತಿ ಕಿಲೋ ಸರಕಿಗೆ ಸಲ್ಲುತ್ತದೆ. ಅವುಗಳ ಹೊರೆ ಎಷ್ಟೆಂದು ಮೊದಲೇ ಗೊತ್ತಿರುತ್ತದೆ, ರಾತ್ರಿ ಡಿಪೊಗೆ ಮರಳುತ್ತವೆ, ಅಲ್ಲಿ ಬದಲಿ ಪಟ್ಟಿ ಇಟ್ಟಿರಬಹುದು. ಮಿತಿಮೀರಿ ಹೇರಿಕೊಂಡು ಊರೂರು ಸುತ್ತುವ ಲಾರಿಯ ಕಥೆ ಬೇರೆ.

ಲಾರಿಗಾಗಿ ಈಗ ಬೇರೆ ನಕ್ಷೆ ಬರೆಯುತ್ತಿದ್ದೇನೆ. ಮೇಲಿನ ಮುಖ್ಯ ಪಟ್ಟಿ ಉಕ್ಕಿನದೇ, ಅದರ ಕೆಳಗೆ ಫೈಬರ್. ತೂಕದ ಉಳಿತಾಯ ಕಡಿಮೆಯಾಗುತ್ತದೆ, ನಿಜ. ಆದರೆ ಫೈಬರ್ ಸೀಳಿದರೂ ಆಕ್ಸಲ್ ಜಾಗ ಬಿಡದಂತೆ ಉಕ್ಕು ಹಿಡಿದಿರಬೇಕು, ನಿಧಾನವಾಗಿಯಾದರೂ ಗಾಡಿ ಹತ್ತಿರದ ಗ್ಯಾರೇಜು ಸೇರಬೇಕು ಎಂಬುದು ಲೆಕ್ಕ. ಪರೀಕ್ಷೆಗಳು ಇನ್ನೂ ಆಗಬೇಕಿವೆ.

ಕಳೆದ ವಾರ ಕಾಕಾನಿಗೆ ನಕ್ಷೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಮಾಡಿ ತಗೊಂಡ್ ಬಾ. ಬಿಚ್ಚಿ ನೋಡೂಣು" ಎಂದರು.