ಶಂಶಾಬಾದ್ ಎಂದು ಬರೆದು ಕಲಿಯಿರಿ

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೈದರಾಬಾದಿಗೆ ಬರುವವರನ್ನು ಮೊದಲು ಎದುರುಗೊಳ್ಳುವುದು ಶಂಶಾಬಾದ್. ಅಂಗಡಿಗಳ ಬೋರ್ಡಿನಲ್ಲಿ ತೆಲುಗು, ಉರ್ದು, ಇಂಗ್ಲಿಷ್. ಕನ್ನಡ ಕಣ್ಣಿಗೆ ಬೀಳುವುದು ಹೆಚ್ಚಾಗಿ ಕೆಎ ನಂಬರಿನ ಲಾರಿಗಳ ಮೇಲೆ. ಹಾಗಿದ್ದರೂ ಕನ್ನಡ ಅಕ್ಷರ ಬಿಡಿಸಲು ಕಲಿಯುವವರಿಗೆ ಇದು ಒಳ್ಳೆಯ ಊರು. ಕದಂಬ, ಚಾಲುಕ್ಯರ ಕಾಲದಲ್ಲಿ ಒಂದೇ ಆಗಿದ್ದು ಆಮೇಲೆ ಕವಲೊಡೆದ ಎರಡು ಲಿಪಿಗಳಲ್ಲಿ ಒಂದನ್ನು ಇಲ್ಲಿ ದಿನವೂ ನೋಡುತ್ತಿರುತ್ತೀರಿ. ತೆಲುಗಿನ ತಲೆಕಟ್ಟು ಸರಿ ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ನಮ್ಮದು ಅಡ್ಡಕ್ಕೆ ಮಲಗಿ ತುದಿಯಲ್ಲಷ್ಟೇ ಬಾಗುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಹತ್ತಿದರೆ ಅರ್ಧ ಪಾಠ ಆದಂತೆ.

ಕೈಬರಹ ಚೆನ್ನಾಗಿಲ್ಲ ಎಂದು ಹಿಂಜರಿಯಬೇಡಿ. ಕೈಬರಹದಲ್ಲಿ ವೇಗವಿದೆ, ಇಲ್ಲಿ ಅಕ್ಷರವನ್ನು ಗೆರೆಗೆರೆಯಾಗಿ ನಿಧಾನವಾಗಿ ಕಟ್ಟುತ್ತೀರಿ.

ದುಬಾರಿ ಸಾಮಾನು ಬೇಡ. ಎರಡು ಪೆನ್ಸಿಲ್‌ಗಳ ಮೊನೆ ಸಮಕ್ಕೆ ಬರುವಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರೆ ಚಪ್ಪಟೆ ಲೇಖನಿ ಸಿದ್ಧ. ಗೆರೆಯ ಎರಡು ಅಂಚೂ ಬೇರೆಬೇರೆ ಕಾಣುವುದರಿಂದ ಎಲ್ಲಿ ತಪ್ಪಿತೆಂದು ತಕ್ಷಣ ತಿಳಿಯುತ್ತದೆ. ಆಮೇಲೆ ಚಪ್ಪಟೆ ಮೊನೆಯ ಮಾರ್ಕರ್ ಸಾಕು. ಹಳೆಯ ಪತ್ರಿಕೆಯನ್ನು ಅಡ್ಡಕ್ಕೆ ತಿರುಗಿಸಿಕೊಳ್ಳಿ, ಅದರ ಕಾಲಮ್ಮುಗಳೇ ಸಾಲುಗೆರೆಗಳಾಗುತ್ತವೆ. ಮೊನೆಯನ್ನು 45 ಡಿಗ್ರಿ ವಾರೆ ಹಿಡಿದು, ಅಕ್ಷರ ಮುಗಿಯುವವರೆಗೂ ಆ ವಾರೆ ಬದಲಾಗದಂತೆ ನೋಡಿಕೊಳ್ಳಿ. ಆಗ ಅಡ್ಡಗೆರೆ, ನೆಟ್ಟಗೆರೆ ಒಂದೇ ದಪ್ಪ ಬರುತ್ತವೆ. ಓರೆಗೆರೆಗಳಲ್ಲಿ ಒಂದು ದಪ್ಪ, ಇನ್ನೊಂದು ಕೂದಲಷ್ಟು ತೆಳು.

ಅಳತೆಯ ಪಾಠಕ್ಕೆ ಹಳೆ ಹೈದರಾಬಾದಿಗೆ ಹೋಗಬೇಕು. ಶಂಶಾಬಾದಿನಿಂದ ಸುಮಾರು 20 ಕಿ.ಮೀ. ದೂರದ ಛತ್ತಾ ಬಜಾರ್ ಮದುವೆ ಕಾಗದಗಳಿಗೂ ಉರ್ದು ಬರೆಯುವ ಕಾತಿಬರಿಗೂ ಹೆಸರಾದ ಬೀದಿ. ಉರ್ದುವಿನ ನಸ್ತಾಲೀಖ್ ಬರಹದಲ್ಲಿ ಸ್ಕೇಲಿಗೆ ಕೆಲಸವಿಲ್ಲ. ಲೇಖನಿಯನ್ನು ಒಮ್ಮೆ ಒತ್ತಿದರೆ ಮೂಡುವ ವಜ್ರಾಕಾರದ ಚುಕ್ಕಿಯೇ ಅಳತೆಗೋಲು. ಅಕ್ಷರದ ಎತ್ತರ, ಅಗಲ, ಹೊಟ್ಟೆ ಎಲ್ಲವೂ ಇಷ್ಟಿಷ್ಟು ಚುಕ್ಕಿ ಎಂದೇ ಲೆಕ್ಕ. ಕನ್ನಡಕ್ಕೆ ಇದನ್ನು ತಂದುಕೊಳ್ಳುವುದರಲ್ಲಿ ದೊಡ್ಡ ಲಾಭವಿದೆ. ನಿಮ್ಮ ಮಾರ್ಕರಿನಿಂದ 5 ಚುಕ್ಕಿಗಳನ್ನು ಒಂದರ ಮೇಲೊಂದು ಇಡಿ, ಅದು ಅಕ್ಷರದ ಒಡಲಿನ ಎತ್ತರ. ಮೇಲೆ ಗುಡಿಸಿಗೆ 2 ಚುಕ್ಕಿ, ಕೆಳಗೆ ಒತ್ತಕ್ಷರಕ್ಕೆ 3 ಚುಕ್ಕಿ ಜಾಗ ಬಿಡಿ. ಮಾರ್ಕರ್ ದಪ್ಪವಾದರೆ ಅಕ್ಷರವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ, ಹದ ಕೆಡುವುದಿಲ್ಲ.

ಮೊದಲ ಅಕ್ಷರ ಅ ಬೇಡ, ರ ಇರಲಿ. ಅದರ ದುಂಡನ್ನು ಒಂದೇ ಸುತ್ತಿನಲ್ಲಿ ಎಳೆಯಬೇಡಿ: ಎಡ ಕಮಾನು ಮೇಲಿನಿಂದ ಕೆಳಕ್ಕೆ, ಬಲ ಕಮಾನೂ ಮೇಲಿನಿಂದ ಕೆಳಕ್ಕೆ. ಕೊನೆಗೆ ತಲೆಕಟ್ಟು. ಮೊನೆಯನ್ನು ಎಳೆಯಬೇಕೇ ಹೊರತು ಮೇಲಕ್ಕೆ ತಳ್ಳಬಾರದು. ತಳ್ಳಿದರೆ ಗೆರೆ ನಡುಗುತ್ತದೆ.

ಆಮೇಲೆ ಊರಿನ ಹೆಸರನ್ನೇ ಕೈಗೆತ್ತಿಕೊಳ್ಳಿ: ಶಂಶಾಬಾದ್. ಅಭ್ಯಾಸಕ್ಕೆ ಇದು ಹೇಳಿ ಮಾಡಿಸಿದ ಪದ. ಎರಡು ಶ ಇರುವುದರಿಂದ ಒಂದರಂತೆ ಇನ್ನೊಂದು ಬಂತೇ ಎಂದು ಹೋಲಿಸಬಹುದು. ಸೊನ್ನೆಯನ್ನು ಒಡಲಿನ ಅರ್ಧದಷ್ಟು ಮಾಡಿ, ಮೊದಲ ಶಕಾರಕ್ಕೆ ಹತ್ತಿರ ಕೂರಿಸಿ. ದೂರ ಬಿಟ್ಟರೆ ಅದು ಯಾರಿಗೂ ಸೇರದ ಚುಕ್ಕೆಯಾಗುತ್ತದೆ. ಬಕಾರಕ್ಕೆ ತಲೆಕಟ್ಟಿಲ್ಲ, ಹಾಗಾಗಿ ಅಕ್ಕಪಕ್ಕದವುಗಳಿಗಿಂತ ಕುಳ್ಳಗೆ ಕಾಣುತ್ತದೆ. ತುಸು ಎತ್ತರಿಸಿದರೆ ಸರಿಹೋಗುತ್ತದೆ. ಕೊನೆಯ ದ್ ಮೇಲಿನ ಕೊಕ್ಕೆ ಮೇಲಕ್ಕೆ ಏಳುತ್ತದೆ, ಅದನ್ನು 2 ಚುಕ್ಕಿಯ ಗೆರೆ ದಾಟಲು ಬಿಡಬೇಡಿ.

ಅಕ್ಷರಗಳ ನಡುವಿನ ಜಾಗವನ್ನು ಸ್ಕೇಲಿಟ್ಟು ಅಳೆದರೆ ಕೆಡುತ್ತದೆ. ದುಂಡಿನ ಪಕ್ಕ ದುಂಡು ಬಂದಲ್ಲಿ ಹತ್ತಿರ ಸರಿಸಬೇಕು, ದೀರ್ಘದ ಗುರುತು ಇದ್ದಲ್ಲಿ ಸ್ವಲ್ಪ ಬಿಡಬೇಕು. ಹಾಳೆಯನ್ನು ತಲೆಕೆಳಗು ಮಾಡಿ ನೋಡಿ. ಓದಲು ಆಗದಿದ್ದಾಗ ಕಣ್ಣಿಗೆ ಬರೀ ಬಿಳಿ ಜಾಗವೇ ಕಾಣುತ್ತದೆ, ಎಲ್ಲಿ ಕಂಡಿ ಬಿದ್ದಿದೆಯೆಂದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇಡೀ ಕಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಈ ಜಾಗದ ಹದವೇ.

ಒತ್ತಕ್ಷರಗಳಿಗೆ ಆಮೇಲೆ ಇಳಿಯಿರಿ. ‘ಕನ್ನಡ’ದ ನಕಾರದೊತ್ತು ಮೊದಲ ಪರೀಕ್ಷೆ: ಒತ್ತು ಒಡಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇರಲಿ, ಗೆರೆಯನ್ನು ಮಾತ್ರ ತೆಳುಗೊಳಿಸಬೇಡಿ. ಇಷ್ಟು ಕೈಗೆ ಬಂದ ಮೇಲೆ ಒಂದು ಹಲಗೆ, ಎನಾಮಲ್ ಬಣ್ಣ, ಚಪ್ಪಟೆ ಬ್ರಷ್ ತಂದು ನಿಮ್ಮ ಮನೆಯ ನಾಮಫಲಕವನ್ನು ನೀವೇ ಕನ್ನಡದಲ್ಲಿ ಬರೆದು ಬಾಗಿಲಿಗೆ ಹಾಕಿ.